ಹದಿಮೂರು ದಿನದ ಸರಕಾರಕ್ಕೆ ಮೂರು ಡೋಲು

ಕಂಪೆನಿ ಸರಕಾರದ ಕಾಲದಲ್ಲಿ ನಮ್ಮ ಕಡೆಯ ರೈತರು ದಂಗೆ ಎದ್ದಿದ್ದರಂತೆ. ಬಿಳಿಯರನ್ನು ಮಂಗಳೂರಿನಿಂದ ಓಡಿಸಿ ಹದಿಮೂರು ದಿನ ತಾವೇ ಆಳಿದರಂತೆ. ಆಮೇಲೆ ಹಡಗಿನಲ್ಲಿ ಸೈನ್ಯ ಬಂತು. ಸಿಕ್ಕಿದವರನ್ನು ನೇಣಿಗೆ ಹಾಕಿದರು. ಅಲ್ಲಿಗೆ ರೈತರ ಸರಕಾರ ಮುಗಿಯಿತು. ಇದಾಗಿ ನೂರೈವತ್ತು ವರ್ಷವಾಯಿತೆಂದು ೧೯೮೭ರಲ್ಲಿ ನಮ್ಮ ಊರಿನ ದೊಡ್ಡವರಿಗೆಲ್ಲ ಒಮ್ಮೆಗೇ ನೆನಪಾಯಿತು. ದಂಗೆ ಎದ್ದವರ ಮೇಲೆ ಅವರಿಗೆ ಅಷ್ಟು ಪ್ರೀತಿ. ಎದ್ದವರು ಸತ್ತು ನೂರೈವತ್ತು ವರ್ಷವಾಗಿರಬೇಕು, ಅಷ್ಟೇ ಷರತ್ತು.

ನಾನು ಕುಶಲಾ. ಕೊರಗರ ಬೂಬನ ಮಗಳು. ಮನೆಯಲ್ಲಿ ನನಗೆ ಹುಟ್ಟಿದ ವಾರದ ಹೆಸರಿಟ್ಟಿದ್ದರು. ಶಾಲೆಗೆ ಸೇರಿಸುವಾಗ ಶಿರ್ವದ ಗ್ಲ್ಯಾಡಿಸ್ ಟೀಚರ್ ಅದನ್ನು ಹೊಡೆದುಹಾಕಿ ಕುಶಲಾ ಎಂದು ಬರೆದರು. ಹತ್ತನೇ ತರಗತಿ ಪಾಸಾದ ಮೇಲೆ ಬುಟ್ಟಿ ಹೆಣೆಯುತ್ತಿದ್ದೆ. ಪಾಸಾಗದಿದ್ದರೂ ಅದನ್ನೇ ಹೆಣೆಯುತ್ತಿದ್ದೆ.

ಕಾಪುವಿನಿಂದ ಎಲ್ಲೂರಿಗೆ ಹೋಗುವ ದಾರಿಯಲ್ಲಿ ಬಲಕ್ಕೆ ಇಳಿದರೆ ನಮ್ಮ ಊರು. ಊರಿನ ಕೊನೆಯಲ್ಲಿ ಭುಜಂಗ ಹೆಗ್ಡೆಯವರ ಗುತ್ತಿನ ಮನೆ, ತಲೆತಲಾಂತರದ ಯಜಮಾನಿಕೆಯ ಮನೆ. ಮನೆಯ ಗೋಡೆ ದಾಟಿ, ದನದ ಹಟ್ಟಿ ದಾಟಿ, ಗೊಬ್ಬರದ ಗುಂಡಿ ದಾಟಿದರೆ ನಮ್ಮ ಕೊಪ್ಪ. ಕೊಪ್ಪ ಎಂದರೆ ಕೊರಗರ ಗುಡಿಸಲುಗಳು. ಮೂರು ಗುಡಿಸಲು, ಒಂದು ಹಲಸಿನ ಮರ. ಆ ಮರ ನೆಟ್ಟದ್ದು ನನ್ನ ಅಜ್ಜ. ಮರ ಹೆಗ್ಡೆಯವರದು. ಅಜ್ಜನನ್ನು ಹೂತದ್ದೂ ಅದೇ ಜಾಗದಲ್ಲಿ. ಹಾಗಾಗಿ ಅಜ್ಜನೂ ಹೆಗ್ಡೆಯವರ ಸ್ವತ್ತೇ ಇರಬೇಕು.

ಕೂಲಿಯಾಳು ಬೇರೆಯವರ ಜಾಗದಲ್ಲಿ ಗುಡಿಸಲು ಕಟ್ಟಿ ಕೂತಿದ್ದರೆ ಆ ಗುಡಿಸಲು, ಅದರ ಅಂಗಳ ಅವನದೇ ಎಂದು ಕಾನೂನು ಬಂದಿತ್ತು. ಇದನ್ನು ನಮಗೆ ಹೇಳಿದ್ದು ಗ್ಲ್ಯಾಡಿಸ್ ಟೀಚರ್. ನಾನಾಗ ಹನ್ನೊಂದು ವರ್ಷದವಳು. ಅವರೇ ಅರ್ಜಿ ಬರೆದರು, ಅಪ್ಪ ಹೆಬ್ಬೆಟ್ಟು ಒತ್ತಿದ. ಅರ್ಜಿ ತಾಲೂಕು ಕಚೇರಿಗೆ ಹೋಗಿ ಕೂತಿತು. ಜಾಗದ ಯಜಮಾನರು ಒಂದು ಮಾತು ಬರೆದುಕೊಡಬೇಕಂತೆ: ಬೂಬ ಇಂತಿಷ್ಟು ವರ್ಷದಿಂದ ಇಲ್ಲಿ ವಾಸವಾಗಿದ್ದಾನೆ. ಕೆಳಗೆ ಒಂದು ಸಹಿ. ಇಲ್ಲದಿದ್ದರೆ ಎಬ್ಬಿಸಿದ ದಿನ ಎದ್ದು ಹೋಗಬೇಕು.

ಆ ಸಹಿಗೆ ಎಂಟು ವರ್ಷವಾಯಿತು. ಹೆಗ್ಡೆಯವರು ಒಮ್ಮೆಯೂ ಇಲ್ಲ ಎಂದವರಲ್ಲ. ಅಷ್ಟು ಕೆಟ್ಟವರಲ್ಲ ಅವರು. ಮಗಳ ಮದುವೆಗೆ ಡೋಲು ಬಡಿ, ಆಮೇಲೆ ನೋಡುವ ಎಂದರು. ಅಪ್ಪ ಬಡಿದ. ಕಂಬಳದ ಗದ್ದೆಗೆ ಕೋಣ ಇಳಿಸುವಾಗ ಬಡಿ ಎಂದರು. ಬಡಿದ. ಬೊಂಬಾಯಿಯ ತಮ್ಮ ಹೊಸ ಮನೆ ಒಕ್ಕಲಾಗುವಾಗ ಬಡಿ ಎಂದರು. ಅದಕ್ಕೂ ಬಡಿದ. ಡೋಲಿನ ಪಟ್ಟಿ ಎಳೆದೂ ಎಳೆದೂ ಅಪ್ಪನ ಬಲ ಹೆಗಲು ಎಡದ್ದಕ್ಕಿಂತ ಎರಡು ಬೆರಳು ಕೆಳಗೆ ಇಳಿದಿದೆ. ಎಂಟು ವರ್ಷದಲ್ಲಿ ಜಾಗದ ವಿಷಯದಲ್ಲಿ ಕಾಣುವ ಹಾಗೆ ಆದ ಬದಲಾವಣೆ ಅದೊಂದೇ.

ದಂಗೆಯ ನೂರೈವತ್ತನೇ ವರ್ಷದ ಉತ್ಸವ ಸಮಿತಿಯ ಅಧ್ಯಕ್ಷರು ಹೆಗ್ಡೆಯವರು. ಭೂಸುಧಾರಣೆಯಲ್ಲಿ ಅವರ ಅರ್ಧ ಗದ್ದೆ ಒಕ್ಕಲುಗಳಿಗೆ ಹೋಗಿತ್ತು. ಆ ಸಿಟ್ಟಿನಲ್ಲಿ ಎರಡು ವರ್ಷ ಅವರು ಯಾರೊಡನೆಯೂ ಸರಿಯಾಗಿ ಮಾತಾಡಿರಲಿಲ್ಲ. ಈಗ ರೈತರ ದಂಗೆಯ ಅಧ್ಯಕ್ಷರಾದರು. ಕಾರ್ಯದರ್ಶಿ ದೇವದಾಸಣ್ಣ. ಅವನ ಅಪ್ಪ ಹೆಗ್ಡೆಯವರ ಗೇಣಿ ಒಕ್ಕಲು. ಉಳುವವನಿಗೆ ಭೂಮಿ ಎಂಬ ಕಾನೂನಿನಲ್ಲಿ ಮೂರು ಎಕರೆ ಬಂತು. ಆ ಮೂರು ಎಕರೆಯಲ್ಲಿ ಉತ್ತು, ಸಸಿ ನೆಟ್ಟು, ಸೊಪ್ಪು ಹೊತ್ತು ಹಾಕಿದವರು ನಾವೂ ಪಕ್ಕದ ಮುಂಡಾಲರ ಕೇರಿಯ ಹೆಂಗಸರೂ. ನಮ್ಮ ಹತ್ತಿರ ಗೇಣಿ ಚೀಟಿ ಇರಲಿಲ್ಲ. ಆದ್ದರಿಂದ ನಾವು ಉತ್ತದ್ದು ಉತ್ತದ್ದಲ್ಲ ಎಂದಾಯಿತು. ಭೂಮಿ ಬಂದ ಮರುವರ್ಷ ದೇವದಾಸಣ್ಣ ಗದ್ದೆಗೆ ಬೇಲಿ ಹಾಕಿಸಿದ. ಮುಳ್ಳು ಹೊತ್ತದ್ದು ನನ್ನ ಅವ್ವ.

ಉತ್ಸವಕ್ಕೆ ದಂಗೆಯ ನಾಟಕ ಬರೆದವರು ನಿವೃತ್ತ ಹೆಡ್‌ಮಾಸ್ಟ್ರು ಯಜ್ಞನಾರಾಯಣ ಭಟ್ಟರು. ಒಳ್ಳೆಯ ಮನುಷ್ಯ. ನಾನು ಶಾಲೆಯಲ್ಲಿರುವಾಗ ನನ್ನ ಸ್ಲೇಟಿಗೆ ನೀರು ಚಿಮುಕಿಸಿ ತೆಗೆದುಕೊಂಡು ತಿದ್ದಿ ಕೊಡುತ್ತಿದ್ದರು. ಬೇರೆ ಮಾಸ್ಟ್ರುಗಳು ತಿದ್ದುತ್ತಲೇ ಇರಲಿಲ್ಲ.

ಏಪ್ರಿಲ್ ತಿಂಗಳು. ಶಾಲೆಗೆ ರಜೆ. ಶಾಲೆಯ ಮೈದಾನದಲ್ಲಿ ಸ್ವರಾಜ್ಯ ತಯಾರಾಗತೊಡಗಿತು. ಮುಳ್ಳಿನ ಪೊದೆ ಕಡಿದವರು ನಾವು. ಗುಂಡಿ ತುಂಬಿಸಲು ಗುಡ್ಡೆಯಿಂದ ಕೆಂಪು ಮಣ್ಣು ಹೊತ್ತವರು ನಾವು. ಒಂದು ದಿನಕ್ಕೆ ಅರವತ್ತು ಬುಟ್ಟಿ. ಬುಟ್ಟಿಯೂ ನಮ್ಮದೇ. ಅವ್ವನ ನೆತ್ತಿಯ ಕೂದಲು ಉದುರಿ ಅಂಗೈಯಗಲ ಬೋಳಾಗಿತ್ತು, ಅಲ್ಲಿ ಚರ್ಮ ಕಿತ್ತು ಬಂತು. ಕೂಲಿ ಕೇಳಿದಾಗ ದೇವದಾಸಣ್ಣ ನಕ್ಕ.

"ಊರಿನ ಕೆಲಸ ಅಲ್ವಾ ಮಾರಾಯ್ತಿ? ದೇಶಕ್ಕೆ ಸತ್ತವರ ಕೆಲಸ. ಅದಕ್ಕೆಂತ ಕೂಲಿ?"

ಸತ್ತವರಿಗೆ ಕೂಲಿ ಇಲ್ಲ, ಸರಿ. ಅವ್ವ ಇನ್ನೂ ಸತ್ತಿರಲಿಲ್ಲ. ಅಷ್ಟೇ ತಪ್ಪು.

ನಾಟಕದ ಅಭ್ಯಾಸ ಶುರುವಾಯಿತು. ದಂಗೆಯ ನಾಯಕ ಹೆಗ್ಡೆಯವರು. ಜರಿಯ ಪೇಟ, ಬೆಳ್ಳಿ ಬಣ್ಣ ಹಚ್ಚಿದ ಮರದ ಕತ್ತಿ. ಮಂಗಳೂರು ಗೆದ್ದ ಮೇಲೆ ಅವರು ಕತ್ತಿ ಎತ್ತಿ ಒಂದು ಮಾತು ಹೇಳಬೇಕು: "ಈ ನೆಲ ಕಂಪೆನಿಯದಲ್ಲ, ಅರಸನದೂ ಅಲ್ಲ. ಇದರಲ್ಲಿ ಬೆವರು ಸುರಿಸಿ ಬದುಕಿದವನೇ ಇದರ ಒಡೆಯ." ಎಷ್ಟು ಸಲ ಹೇಳಿಕೊಟ್ಟರೂ ಹೆಗ್ಡೆಯವರ ಬಾಯಿಗೆ ಅದು ಬರಲಿಲ್ಲ. 'ಅರಸನದೂ ಅಲ್ಲ' ಎಂಬಲ್ಲಿಯವರೆಗೆ ಬಂದು ನಿಲ್ಲುತ್ತಿದ್ದರು. ಮುಂದಿನದ್ದು ಗಂಟಲಿನಲ್ಲೇ ಉಳಿಯುತ್ತಿತ್ತು. ನಾನು ಬೇಲಿಯ ಆಚೆ ಗೇರು ಮರದ ಬುಡದಲ್ಲಿ ಬುಟ್ಟಿ ಹಿಡಿದು ನಿಂತು ಕೇಳಿ ಕೇಳಿ ಎಲ್ಲರ ಮಾತನ್ನೂ ಕಲಿತುಬಿಟ್ಟಿದ್ದೆ. ಒಂದು ದಿನ ತಡೆಯಲಾಗದೆ ಅಲ್ಲಿಂದಲೇ ಮುಂದಿನದ್ದನ್ನು ಹೇಳಿದೆ. ಎಲ್ಲರೂ ತಿರುಗಿ ನೋಡಿದರು. ಮಾಸ್ಟ್ರಿಗೆ ಸಂತೋಷವಾಯಿತು.

"ಕುಶಲಾ, ನಿನಗೆ ಒಳ್ಳೆಯ ನೆನಪು ಉಂಟು. ಇನ್ನು ದಿನಾ ಬಾ. ಅಲ್ಲೇ ನಿಂತು ಹೆಗ್ಡೆಯವರಿಗೆ ಮಾತು ನೆನಪು ಮಾಡು."

"ಒಳಗೆ ಬರಬಹುದಾ ಮಾಸ್ಟ್ರೇ?"

"ಅಲ್ಲಿಂದ ಕೇಳುತ್ತದಲ್ಲ," ಎಂದರು ಮಾಸ್ಟ್ರು.

ಹೀಗೆ ಹದಿನೈದು ದಿನ ನಾನು ಬೇಲಿಯ ಹೊರಗೆ ನಿಂತು ಹೆಗ್ಡೆಯವರಿಗೆ ಸ್ವಾತಂತ್ರ್ಯ ಹೇಳಿಕೊಟ್ಟೆ.

ನಾಟಕದಲ್ಲಿ ನಮಗೂ ಪಾರ್ಟು ಸಿಕ್ಕಿತು. ಕೊರಗರನ್ನು ಬಿಟ್ಟು ಮಾಡಿದರೆಂದು ನಾಳೆ ಯಾರೂ ಹೇಳಬಾರದಲ್ಲ. ಕೊನೆಯಲ್ಲಿ ಮೂರು ಜನರನ್ನು ಗಲ್ಲಿಗೇರಿಸುವ ದೃಶ್ಯ ಉಂಟು. ಹೆಗ್ಡೆಯವರು ಗಲ್ಲಿಗೇರುವುದಿಲ್ಲ, ಅವರು ಭಾಷಣ ಮಾಡಿ ತೆರೆಮರೆಗೆ ಹೋಗುತ್ತಾರೆ. ಕುತ್ತಿಗೆಗೆ ಹಗ್ಗ ಹಾಕಿಕೊಳ್ಳುವ ಪಾರ್ಟು ಊರಿನಲ್ಲಿ ಯಾರಿಗೂ ಬೇಡವಾಯಿತು, ಅಪಶಕುನವಂತೆ. ಅದು ಅಪ್ಪನಿಗೂ ಚಿಕ್ಕಪ್ಪಂದಿರಿಬ್ಬರಿಗೂ ಬಂತು. ಸಭೆಗೆ ಮೆರವಣಿಗೆ ಹೋಗುವಾಗ ಮುಂದೆ ಡೋಲು ಬಡಿಯುವುದು. ಆಮೇಲೆ ಡೋಲು ಇಳಿಸಿ ಗಲ್ಲಿಗೇರುವುದು. ಒಂದೇ ದಿನದಲ್ಲಿ ಎರಡು ಗೌರವ. ವೇದಿಕೆ ಹತ್ತಿದರೆ ಮೈಲಿಗೆಯಾಗುವುದರಿಂದ ನಾವು ಸಾಯಬೇಕಾದದ್ದು ವೇದಿಕೆಯ ಮೇಲೆ ಅಲ್ಲ, ಬೇಲಿಯ ಆಚೆ, ಅದೇ ಗೇರು ಮರದ ಕೆಳಗೆ.

ಅಪ್ಪ ಹಿಂದೆಮುಂದೆ ನೋಡಿದ. ಹೆಗ್ಡೆಯವರು ಅವನನ್ನು ಹಟ್ಟಿಯ ಬಳಿಗೆ ಕರೆದು ಹೇಳಿದರು.

"ತಹಶೀಲ್ದಾರ್ರು ಬರುತ್ತಾರೆ ಬೂಬ. ಹೊಸಬರು. ನಿನ್ನ ಫೈಲು ಇರುವುದು ಅವರ ಮೇಜಿನ ಮೇಲೆಯೇ. ಇದೊಂದು ಚಂದ ಮಾಡಿ ಮುಗಿಸು. ಅವರೆದುರೇ ಸಹಿ ಹಾಕುತ್ತೇನೆ."

"ಆಯಿತು ಧಣಿಗಳೇ," ಎಂದ ಅಪ್ಪ. ಅವನ ಬಾಯಿಯಿಂದ ನಾನು ಅತಿ ಹೆಚ್ಚು ಕೇಳಿದ ಮಾತು ಅದು.

ಉತ್ಸವದ ಹಿಂದಿನ ದಿನ ಬೆಳಗ್ಗೆ ಕೊನೆಯ ಅಭ್ಯಾಸ. ಹಗ್ಗ ಬೇಕಾಯಿತು. ಹೆಗ್ಡೆಯವರ ಕೋಣ ಕಟ್ಟುವ ಹಗ್ಗ ತಂದರು. ಗೇರು ಮರದ ಕೊಂಬೆಗೆ ಬಿಗಿದರು. ಅಪ್ಪ ಮುರುಕು ಸ್ಟೂಲಿನ ಮೇಲೆ ನಿಂತ. ಕಂಪೆನಿ ಸಿಪಾಯಿಯ ಪಾರ್ಟಿನ ಹುಡುಗರು ಕೋಲಿನ ತುದಿಯಿಂದ ಹಗ್ಗ ಎತ್ತಿ ಅವನ ಕುತ್ತಿಗೆಗೆ ಹಾಕಿದರು. ಕೈಯಿಂದ ಹಾಕಿದರೆ ಮುಟ್ಟಬೇಕಾಗುತ್ತದಲ್ಲ. ನೇಣು ಹಾಕುವುದಕ್ಕೂ ಮಡಿ ಉಂಟೆಂದು ನನಗೆ ಅಂದು ತಿಳಿಯಿತು.

ಯಾರೋ ಒಬ್ಬ ತಮಾಷೆಗೆ ಹಗ್ಗದ ಇನ್ನೊಂದು ತುದಿ ಜಗ್ಗಿದ. ಸ್ಟೂಲು ವಾಲಿತು. ಅಪ್ಪನ ಕಾಲು ಗಾಳಿಯಲ್ಲಿ ಒದ್ದಾಡಿತು. ಒಂದು ಗಳಿಗೆಯಷ್ಟೇ. ಚಿಕ್ಕಪ್ಪ ಓಡಿಹೋಗಿ ಎತ್ತಿ ಹಿಡಿದ. ಅಪ್ಪ ಕೆಳಗೆ ಕುಸಿದು ಕೂತು ಕೆಮ್ಮಿದ. ಬಾಯಿಯಿಂದ ಲೋಳೆ ಇಳಿಯಿತು. ಪಂಚೆ ಒದ್ದೆಯಾಗಿತ್ತು. ಐವತ್ತು ಜನ ನೋಡುತ್ತಿದ್ದರು.

ಹೆಗ್ಡೆಯವರು ಪೇಟ ಸರಿ ಮಾಡಿಕೊಂಡು ನಕ್ಕರು. "ಬೂಬ, ನಾಳೆಯೂ ಹೀಗೇ ಮಾಡಬೇಕು. ಒಳ್ಳೆ ಆಕ್ಟಿಂಗ್ ಮಾರಾಯ."

ಎಲ್ಲರೂ ನಕ್ಕರು. ಮಾಸ್ಟ್ರು ನಗಲಿಲ್ಲ, ಪುಸ್ತಕ ನೋಡಿದರು. ಹದಿನೈದು ದಿನ ಬೇರೆಯವರಿಗೆ ಮಾತು ಹೇಳಿಕೊಟ್ಟವಳಿಗೆ ಅಂದು ತನ್ನದೇ ಮಾತು ಇರಲಿಲ್ಲ. ಆ ನಾಚಿಕೆ ನನಗೆ ಇಂದಿಗೂ ಉಂಟು.

ಅಪ್ಪ ಮನೆಗೆ ಬಂದು ಡೋಲನ್ನು ಬಿಸಿಲಿಗೆ ಇಟ್ಟ. ಬಿಸಿಲು ತಾಗಿದರೆ ಚರ್ಮ ಬಿಗಿಯಾಗುತ್ತದೆ. ಕುತ್ತಿಗೆಯ ಸುತ್ತ ಕೆಂಪು ಬರೆ ಎದ್ದಿತ್ತು. ಅವ್ವ ಎಣ್ಣೆ ಹಚ್ಚಲು ಹೋದರೆ ಕೈ ದೂಡಿದ. ಡೋಲಿನ ಮುಂದೆ ಕೂತು ಅದನ್ನೇ ನೋಡಿದ.

ಆ ಡೋಲಿನ ಚರ್ಮದ ಕಥೆ ಹೇಳಬೇಕು. ಹೆಗ್ಡೆಯವರ ಹಟ್ಟಿಯಲ್ಲಿ ಕಾವೇರಿ ಎಂಬ ದನ ಇತ್ತು. ದೀಪಾವಳಿಗೆ ಅದಕ್ಕೆ ಹೂಮಾಲೆ, ಕುಂಕುಮ. ಹೆಗ್ಡೆಯವರೇ ಅದರ ಕಾಲು ತೊಳೆದು ಆ ನೀರನ್ನು ತಲೆಗೆ ಚಿಮುಕಿಸಿಕೊಳ್ಳುತ್ತಿದ್ದರು. ಅದು ಸತ್ತ ದಿನ ಅಪ್ಪನಿಗೆ ಬುಲಾವ್ ಬಂತು. ನಾಲ್ಕು ಜನ ಹೆಣ ಹೊತ್ತರು. ಚರ್ಮ ಸುಲಿದರು. ಅದು ಡೋಲಾಯಿತು. ಅಂದಿನಿಂದ ಕಾವೇರಿ ಮೈಲಿಗೆ. ಹೆಗ್ಡೆಯವರು ಅದನ್ನು ಮುಟ್ಟುವಂತಿಲ್ಲ. ಯಾರೂ ಮುಟ್ಟುವಂತಿಲ್ಲ, ದಾಟುವಂತೆಯೂ ಇಲ್ಲ. ಕೊರಗನ ಡೋಲು ದಾಟಿದ ಮನೆಗೆ ಕೇಡು ಎಂದು ಊರಿಗೆ ಊರೇ ನಂಬಿತ್ತು. ಹಾಗೆಂದು ಡೋಲಿಲ್ಲದೆ ಮೆರವಣಿಗೆ ಹೊರಡುವುದೂ ಇಲ್ಲ.

"ಕುಶಲಾ," ಎಂದ ಅಪ್ಪ ಸಂಜೆಗೆ. ಗಂಟಲು ಒಡೆದಿತ್ತು. "ಆ ಕಾಗದ ಉಂಟಲ್ಲ, ಧಣಿಗಳು ಸಹಿ ಹಾಕಬೇಕಾದದ್ದು. ಅದನ್ನು ನಾಳೆ ನೀನು ಹಿಡಿದುಕೊ."

ಮರುದಿನ ಮಧ್ಯಾಹ್ನ ಮೂರು ಗಂಟೆ. ಗುತ್ತಿನ ಬಾಗಿಲಿನಿಂದ ಮೆರವಣಿಗೆ ಹೊರಡಬೇಕು. ಬಾಗಿಲಿನಿಂದ ರಸ್ತೆಯವರೆಗೆ ಒಂದು ಓಣಿ, ಎರಡೂ ಬದಿಗೆ ಆಳೆತ್ತರದ ಕೆಂಪು ಮುರಕಲ್ಲಿನ ಗೋಡೆ. ಒಂದು ಜೀಪು ಹೋಗುವಷ್ಟು ಅಗಲ. ಬಾಗಿಲಲ್ಲಿ ದಂಗೆಕೋರರು ಸಾಲಾಗಿ ನಿಂತಿದ್ದರು. ಮುಂದೆ ಹೆಗ್ಡೆಯವರು, ಪಕ್ಕದಲ್ಲಿ ದೇವದಾಸಣ್ಣ, ಹಿಂದೆ ಐವತ್ತು ಮರದ ಕತ್ತಿ.

ಅಪ್ಪನೂ ಚಿಕ್ಕಪ್ಪಂದಿರೂ ಡೋಲು ಹೊತ್ತು ಓಣಿಯ ನಡುವಿಗೆ ಬಂದರು. ಹೆಗ್ಡೆಯವರು ಕತ್ತಿ ಎತ್ತಿದರು. ಅಪ್ಪ ಹೆಗಲಿನ ಪಟ್ಟಿ ಕಳಚಿದ. ಡೋಲನ್ನು ನೆಲದ ಮೇಲೆ ಅಡ್ಡ ಇಟ್ಟ. ಚಿಕ್ಕಪ್ಪಂದಿರು ಅದರ ಪಕ್ಕಕ್ಕೆ ತಮ್ಮ ಡೋಲುಗಳನ್ನು ಇಟ್ಟರು. ಈ ಗೋಡೆಯಿಂದ ಆ ಗೋಡೆಯವರೆಗೆ ಮೂರು ಡೋಲು. ಅಪ್ಪ ಬಗ್ಗಿ ತನ್ನದನ್ನು ಮಾತ್ರ ನೆಟ್ಟಗೆ ನಿಲ್ಲಿಸಿದ. ಆಮೇಲೆ ಗೋಡೆಗೆ ಒರಗಿ ಕೂತು ಎಲೆಗೆ ಸುಣ್ಣ ಹಚ್ಚತೊಡಗಿದ.

"ಎಂತ ಬೂಬ ಇದು?" ಎಂದರು ಹೆಗ್ಡೆಯವರು.

"ಬಡಿಯುವುದಿಲ್ಲ ಧಣಿಗಳೇ."

"ಎಂತದು?"

"ಬಡಿಯುವುದಿಲ್ಲ. ನೇತಾಡುವುದೂ ಇಲ್ಲ."

"ಕುಡಿದಿದ್ದೀಯಾ? ಎತ್ತು ಅದನ್ನು."

"ಎತ್ತುವುದಿಲ್ಲ. ಬೇಕಾದವರು ಎತ್ತಲಿ."

ಸುಣ್ಣ ಎಲೆಗಿಂತ ಹೆಚ್ಚು ಬೆರಳಿಗೇ ತಾಗಿತು. ಆದರೆ ಎದ್ದು ನಿಲ್ಲಲಿಲ್ಲ. ಹೆಗ್ಡೆಯವರೆದುರು ಅಪ್ಪ ಕೂತದ್ದನ್ನು ನಾನು ಹುಟ್ಟಿದ ಮೇಲೆ ಮೊದಲ ಸಲ ನೋಡಿದೆ.

ಐವತ್ತು ದಂಗೆಕೋರರು ಮೂರು ಡೋಲಿನ ಮುಂದೆ ನಿಂತರು. ಕಂಪೆನಿಯ ಫಿರಂಗಿಗೆ ಎದೆ ಕೊಡಲು ಹೊರಟವರು. ಒಬ್ಬನೂ ದಾಟಲಿಲ್ಲ, ಒಬ್ಬನೂ ಮುಟ್ಟಲಿಲ್ಲ. ದೇವದಾಸಣ್ಣ ಕತ್ತಿಯ ತುದಿಯಿಂದ ಒಂದನ್ನು ತಳ್ಳಲು ನೋಡಿದ. ಹಲಸಿನ ಮರದ ಡೋಲು ಅಲುಗಲಿಲ್ಲ, ಕತ್ತಿಯ ತುದಿ ಮುರಿಯಿತು.

ಆಗ ಎದುರಿನಿಂದ ಜೀಪು ಬಂತು. ತಹಶೀಲ್ದಾರರು ಸಭೆಯ ಜಾಗಕ್ಕೆ ಹೋಗುವ ಬದಲು ನೇರ ಗುತ್ತಿಗೇ ಬಂದಿದ್ದರು. ಘಟ್ಟದ ಮೇಲಿನವರು, ನಮ್ಮ ಕಡೆಗೆ ಬಂದು ತಿಂಗಳಾಗಿತ್ತು. ಇಳಿದು ಡೋಲು ನೋಡಿದರು, ಪೇಟ ನೋಡಿದರು.

"ಏನ್ರೀ ಇದು? ನಾಟಕ ಇಲ್ಲೇ ಶುರುವಾಯ್ತಾ?"

ದೇವದಾಸಣ್ಣ ಮುರಿದ ಕತ್ತಿಯನ್ನು ಬೆನ್ನ ಹಿಂದೆ ಅಡಗಿಸಿದ. ಏನೆಂದು ಹೇಳುತ್ತಾರೆ? ಮುಟ್ಟಿದರೆ ಮೈಲಿಗೆ. ಮೈಲಿಗೆ ಎಂದು ಅಧಿಕಾರಿಯ ಮುಂದೆ ಹೇಳಿದರೆ ಜೈಲು. ನಮ್ಮ ಊರಿನಲ್ಲಿ ಕಾನೂನಿಗೂ ಕಟ್ಟಳೆಗೂ ಅಷ್ಟು ಹತ್ತಿರದಲ್ಲಿ ಭೇಟಿಯಾದದ್ದು ಅದೇ ಮೊದಲು.

"ಎತ್ತಿ ಬದಿಗಿಡ್ರಪ್ಪ," ಎಂದರು ತಹಶೀಲ್ದಾರರು.

ಮಾಸ್ಟ್ರು ಆಕಾಶ ನೋಡಿದರು. ಡ್ರೈವರ್ ನಮ್ಮ ಕಡೆಯವನೇ, ತನಗೆ ಸೊಂಟ ನೋವು ಎಂದ. ತಹಶೀಲ್ದಾರರು ತಮ್ಮ ಬಿಳಿ ಪ್ಯಾಂಟಿನ ಮೊಣಕಾಲು ನೋಡಿಕೊಂಡರು. ಅವರೂ ಬಗ್ಗಲಿಲ್ಲ.

ನಾನು ಮುಂದೆ ಹೋದೆ. ನಿನ್ನೆ ಸಿಗದ ಮಾತು ಇಂದು ಸಿಕ್ಕಿತು.

"ಸಾರ್, ಇದು ಕೊರಗರ ಡೋಲು. ಮುಟ್ಟಿದರೆ ಇವರಿಗೆ ಮೈಲಿಗೆ. ಅದಕ್ಕೆ ನಿಂತಿದ್ದಾರೆ."

"ಛೆ ಛೆ," ಎಂದರು ಹೆಗ್ಡೆಯವರು. "ನಮ್ಮ ಊರಿನಲ್ಲಿ ಅಂಥದ್ದೆಲ್ಲ ಇಲ್ಲ ಸಾರ್. ನಾವೆಲ್ಲ ಒಂದೇ ಮನೆಯವರ ಹಾಗೆ."

"ಹಾಗಾದ್ರೆ ಎತ್ರೀ," ಎಂದರು ತಹಶೀಲ್ದಾರರು.

ಹೆಗ್ಡೆಯವರ ಮುಖದ ಬಣ್ಣ ಬೆವರಿನೊಡನೆ ಇಳಿಯತೊಡಗಿತು. ನಾನು ಅವರ ಮುಖವನ್ನೇ ನೋಡಿದೆ.

"ಧಣಿಗಳೇ, ನೆನಪಾಗದಿದ್ದರೆ ನಾನು ಹೇಳಿಕೊಡುತ್ತೇನೆ. ಈ ನೆಲ ಕಂಪೆನಿಯದಲ್ಲ, ಅರಸನದೂ ಅಲ್ಲ. ಇದರಲ್ಲಿ ಬೆವರು ಸುರಿಸಿ ಬದುಕಿದವನೇ ಇದರ ಒಡೆಯ."

ಬ್ಲೌಸಿನೊಳಗಿನಿಂದ ಕಾಗದ ತೆಗೆದೆ. ಅಪ್ಪನ ಡೋಲಿನ ಚರ್ಮದ ಮೇಲೆ ಹರವಿದೆ.

"ಸಾರ್, ನಮ್ಮ ಅರ್ಜಿ ನಿಮ್ಮ ಕಚೇರಿಯಲ್ಲಿ ಎಂಟು ವರ್ಷದಿಂದ ಉಂಟು. ಇವರ ಒಂದು ಸಹಿ ಇಲ್ಲದೆ ನಿಂತಿದೆ. ನಿಮ್ಮೆದುರು ಹಾಕುತ್ತೇನೆ ಎಂದಿದ್ದಾರೆ. ಒಂದೇ ಮನೆಯವರಲ್ವಾ? ಇಲ್ಲಿ ಹಾಕಲಿ. ಹಾಕಿದರೆ ಅಪ್ಪ ಡೋಲು ತೆಗೆಯುತ್ತಾನೆ."

ತಹಶೀಲ್ದಾರರು ಬಗ್ಗಿ ಕಾಗದ ಓದಿದರು. ನಿಧಾನ ಓದಿದರು. ಆಮೇಲೆ ತಮ್ಮ ಜೇಬಿನ ಪೆನ್ನು ತೆಗೆದು ಹೆಗ್ಡೆಯವರ ಕಡೆಗೆ ಚಾಚಿದರು. "ಹಾಕ್ರೀ. ನನಗೂ ತಡ ಆಗ್ತಿದೆ."

"ಒಳಗೆ ಮೇಜು ಉಂಟು ಸಾರ್..."

"ಇಲ್ಲೇನಾಗಿದೆ?"

ಹೆಗ್ಡೆಯವರು ಮೊಣಕಾಲೂರಿದರು. ಜರಿಯ ಪೇಟ ಮುಂದಕ್ಕೆ ವಾಲಿತು. ಅಂಗೈ ತಾಗದ ಹಾಗೆ ಬೆರಳ ತುದಿಯಿಂದ ಪೆನ್ನು ಹಿಡಿದರು. ಪೆನ್ನು ಜಾರಿತು. ಕೊನೆಗೆ ಎಡಗೈಯನ್ನು ಪೂರ್ತಿ ಊರಲೇಬೇಕಾಯಿತು, ಕಾವೇರಿಯ ಬೆನ್ನಿನ ಮೇಲೆ. ಸಹಿ ಹಾಕಿದರು. ನನ್ನ ಏಳನೇ ತರಗತಿಯ ಬಹುಮಾನದ ಪತ್ರದಲ್ಲೂ ಅದೇ ಸಹಿ ಉಂಟು. ಕೆಳಗೊಂದು ಗೆರೆ, ಗೆರೆಯ ಕೆಳಗೆ ಒತ್ತಿ ಕುಟ್ಟಿ ಇಟ್ಟ ಎರಡು ಚುಕ್ಕೆ. ಎಷ್ಟೋ ವರ್ಷದ ಅಭ್ಯಾಸ, ಕೈ ತಾನಾಗಿ ಕುಟ್ಟಿತು. ನಿನ್ನೆ ಇಡೀ ದಿನ ಬಿಸಿಲಲ್ಲಿ ಬಿಗಿದ ಚರ್ಮ.

ಡಬ್. ಡಬ್.

ಓಣಿಯ ಎರಡೂ ಗೋಡೆಗೆ ತಾಗಿ ಆ ಸದ್ದು ಎಲ್ಲರಿಗೂ ಕೇಳಿತು. ಹಿಂದಿನ ಸಾಲಿನವರು ಡೋಲು ಶುರುವಾಯಿತೆಂದು ಹೆಜ್ಜೆ ಹಾಕಿ ಮುಂದಿನವರಿಗೆ ಡಿಕ್ಕಿ ಹೊಡೆದರು.

ಅಪ್ಪ ಎದ್ದು ಡೋಲು ಹೊತ್ತು ಕೊಪ್ಪದ ಕಡೆಗೆ ನಡೆದ. ಹೆಗ್ಡೆಯವರು ಸ್ನಾನಕ್ಕೆ ಹೋದರು. ರೈತರ ಸರಕಾರ ಅವರ ಸ್ನಾನ ಮುಗಿಯುವವರೆಗೆ ಬಿಸಿಲಲ್ಲಿ ಕಾದು ನಿಂತಿತು. ಗೇರು ಮರಕ್ಕೆ ಆ ದಿನ ಯಾರೂ ನೇತಾಡಲಿಲ್ಲ.

ಮರುದಿನದಿಂದ ನಮಗೆ ಊರಿನಲ್ಲಿ ಕೆಲಸ ಇಲ್ಲ. ಊರಿಗಿದ್ದ ಒಂದೇ ಅಂಗಡಿ ದೇವದಾಸಣ್ಣನದು, ಅಲ್ಲಿ ನಮಗೆ ಉಪ್ಪೂ ಇಲ್ಲ. ಹದಿಮೂರು ದಿನದ ಸರಕಾರ ಉಪ್ಪಿನ ಸುಂಕ ಇಳಿಸಿತ್ತೆಂದು ನಾಟಕದಲ್ಲಿ ಅವನೇ ಡಂಗುರ ಸಾರಿದ್ದ. ನಾವು ಉಪ್ಪಿಗೆ ಶಿರ್ವಕ್ಕೆ ನಡೆದೆವು, ಬುಟ್ಟಿಯನ್ನೂ ಅಲ್ಲೇ ಮಾರಿದೆವು. ಆ ಮಳೆಗಾಲದಲ್ಲಿ ಎಷ್ಟೋ ದಿನ ಹಲಸಿನ ಬೀಜ ಬೇಯಿಸಿ ತಿಂದೆವು. ಹನ್ನೊಂದು ತಿಂಗಳ ಮೇಲೆ ಜಾಗ ನಮ್ಮದೆಂಬ ಕಾಗದ ಬಂತು. ಮೂರು ಗುಡಿಸಲು, ಅಂಗಳ, ಹಲಸಿನ ಮರ. ಅಜ್ಜ ಸತ್ತು ಇಪ್ಪತ್ತು ವರ್ಷದ ಮೇಲೆ ನಮ್ಮವನಾದ.

ಅಪ್ಪ ಮತ್ತೆ ಡೋಲು ಬಡಿಯಲಿಲ್ಲ. ಅದು ಗುಡಿಸಲಿನ ಮೂಲೆಯಲ್ಲಿ ಉಂಟು, ಅವ್ವ ಅದರ ಮೇಲೆ ಅಕ್ಕಿಯ ಡಬ್ಬ ಇಟ್ಟಿದ್ದಾಳೆ. ಆ ವರ್ಷದ ಕಂಬಳಕ್ಕೆ ಕೋಣ ಇಳಿಸುವ ಮೊದಲು ಡೋಲು ಬೇಕೆಂದು ಗುತ್ತಿನಿಂದ ಇಬ್ಬರು ಬಂದು ಅಂಗಳದ ಹೊರಗೆ ನಿಂತರು. ಅಪ್ಪ ಬುಟ್ಟಿ ಹೆಣೆಯುವುದನ್ನು ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ.

"ನನಗೆ ಕೈ ನೋವು," ಎಂದ. "ಹೆಗ್ಡೆಯವರಿಗೆ ಹೇಳಿ. ಅವರಿಗೆ ಬಡಿಯಲು ಬರುತ್ತದೆ."